ಗಾಡಿ ಒಂದು, ಕೆಲಸ ಹತ್ತು: ಧ್ರುವ ಹೆಲಿಕಾಪ್ಟರ್ ಕಲಿಸುವ ಪಾಠ

ನಮ್ಮ ಮನೆಯಲ್ಲಿ ಒಂದು ಪಿಕಪ್ ಇದೆ. ಅಬ್ಬಾ ಅದರಲ್ಲಿ ಬಾಡಿಗೆ ಮಾಡುತ್ತಾರೆ. ಸಂತೆಯ ದಿನ ಬೆಳ್ತಂಗಡಿಗೆ ತರಕಾರಿ, ಮದುವೆ ಸಮಯದಲ್ಲಿ ಮೂಡುಬಿದಿರೆ ಕಡೆಗೆ ಶಾಮಿಯಾನ, ಕುರ್ಚಿ ಮತ್ತು ಬಿರಿಯಾನಿಯ ದೊಡ್ಡ ಪಾತ್ರೆಗಳು, ಅಡಿಕೆ ಸುಲಿದ ಮೇಲೆ ಬಂಟ್ವಾಳದ ಅಂಗಡಿಗಳಿಗೆ ಗೋಣಿ ಮೂಟೆಗಳು, ಮನೆ ಕಟ್ಟುವವರಿಗೆ ಕೆಂಪುಕಲ್ಲು. "ಗಾಡಿ ಏಕ್, ಕಾಮ್ ದಸ್" ಎಂದು ಅಬ್ಬಾ ಹೆಮ್ಮೆಯಿಂದ ಹೇಳುತ್ತಾರೆ. ಗಾಡಿ ಒಂದು, ಕೆಲಸ ಹತ್ತು.

2025ರ ಜನವರಿಯಲ್ಲಿ ಆ ಪಿಕಪ್‌ನ ಗೇರ್ ಬಾಕ್ಸ್ ಕೆಟ್ಟಿತು. ಬಿಡಿಭಾಗ ಸಿಗದೆ ಹನ್ನೆರಡು ದಿನ ಗ್ಯಾರೇಜಿನಲ್ಲಿ ನಿಂತಿತು. ತರಕಾರಿ ನಿಂತಿತು, ಮದುವೆ ಬಾಡಿಗೆ ಬೇರೆಯವರ ಪಾಲಾಯಿತು, ಅಡಿಕೆಯೂ ಹೋಯಿತು. ಹತ್ತು ಕೆಲಸ ಮಾಡುವ ಗಾಡಿ ಕೆಟ್ಟರೆ ಹತ್ತು ಕೆಲಸವೂ ಒಂದೇ ದಿನ ನಿಲ್ಲುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ಆ ತಿಂಗಳ ಸಾಲದ ಕಂತು ತಪ್ಪಿತು.

ಅದೇ ದಿನಗಳಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಪತ್ರಿಕೆ ಓದುವಾಗ ಒಂದು ಸುದ್ದಿ ಕಣ್ಣಿಗೆ ಬಿತ್ತು. ಬೆಂಗಳೂರಿನಲ್ಲಿ ತಯಾರಾದ ಧ್ರುವ ಹೆಲಿಕಾಪ್ಟರ್‌ಗಳು, ಸುಮಾರು 330, ಒಟ್ಟಿಗೆ ಹಾರಾಟ ನಿಲ್ಲಿಸಿವೆ ಎಂಬ ಸುದ್ದಿ. ನಮ್ಮ ಮನೆಯ ಕಥೆಯೇ ದೇಶದ ಮಟ್ಟದಲ್ಲಿ ನಡೆದಂತೆ ಅನಿಸಿತು. ಅಂದಿನಿಂದ ಈ ವಿಷಯವನ್ನು ಓದುತ್ತಾ ಬಂದೆ. "ಕಾಮರ್ಸ್‌ನವರಿಗೆ ಹೆಲಿಕಾಪ್ಟರ್ ಯಾಕೆ?" ಎಂದು ವಿಜ್ಞಾನ ವಿಭಾಗದ ಗೆಳೆಯರು ತಮಾಷೆ ಮಾಡಿದರು. ಈ ಲೇಖನ ಅವರಿಗೆ ನನ್ನ ಉತ್ತರ.

ಬಹುಪಯೋಗಿ ಹೆಲಿಕಾಪ್ಟರ್ ಎಂದರೇನು?

ಸೇನೆಯ ಹೆಲಿಕಾಪ್ಟರ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು, ದಾಳಿಗೆಂದೇ ಮಾಡಿದ್ದು. ಅದರಲ್ಲಿ ಇಬ್ಬರು ಪೈಲಟ್‌ಗಳು ಮಾತ್ರ ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುತ್ತಾರೆ, ಪ್ರಯಾಣಿಕರಿಗೆ ಜಾಗವಿಲ್ಲ. ಇನ್ನೊಂದು, ಬಹುಪಯೋಗಿ ಹೆಲಿಕಾಪ್ಟರ್. ಇದರ ಹೊಟ್ಟೆಯಲ್ಲಿ ಒಂದು ಖಾಲಿ ಕೋಣೆ ಇರುತ್ತದೆ. ಆ ಕೋಣೆಯಲ್ಲಿ ಏನು ತುಂಬುತ್ತೀರಿ ಎಂಬುದರ ಮೇಲೆ ಅದರ ಕೆಲಸ ನಿರ್ಧಾರವಾಗುತ್ತದೆ. ಸೀಟು ಹಾಕಿದರೆ ಸೈನಿಕರ ಬಸ್ಸು, ಸ್ಟ್ರೆಚರ್ ಹಾಕಿದರೆ ಆಂಬುಲೆನ್ಸ್, ಸೀಟು ತೆಗೆದರೆ ಸಾಮಾನಿನ ಲಾರಿ, ಬಾಗಿಲಲ್ಲಿ ಹಗ್ಗ ಎಳೆಯುವ ರಾಟೆ ಕೂರಿಸಿದರೆ ರಕ್ಷಣಾ ವಾಹನ.

ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ ಬೆಲ್ ಕಂಪನಿಯ ಹ್ಯೂಯಿ. ಮುಖ್ಯವಾಗಿ ಗಾಯಗೊಂಡ ಸೈನಿಕರನ್ನು ಸಾಗಿಸಲು ಒಂದು ಹೆಲಿಕಾಪ್ಟರ್ ಬೇಕೆಂದು ಅಲ್ಲಿನ ಭೂಸೇನೆ 1955ರಲ್ಲಿ ಇದನ್ನು ಆರಿಸಿತು, 1956ರಲ್ಲಿ ಇದು ಮೊದಲ ಸಲ ಹಾರಿತು. ವಿಯೆಟ್ನಾಂ ಯುದ್ಧದಲ್ಲಿ ಅದೇ ಯಂತ್ರ ಸೈನಿಕರನ್ನು ಇಳಿಸಲು ಬಳಕೆಯಾಯಿತು. ಇಳಿಸುವ ಜಾಗದಲ್ಲಿ ಗುಂಡಿನ ಮಳೆ ಬಂದಾಗ ಕೆಲವು ಹ್ಯೂಯಿಗಳಿಗೆ ಮೆಷಿನ್ ಗನ್ ಮತ್ತು ರಾಕೆಟ್ ಕಟ್ಟಿದರು. ಭಾರ ಹೆಚ್ಚಾಗಿ ಅವು ನಿಧಾನವಾದವು. ಕಾವಲಿಗೆ ಬಂದದ್ದು ಕಾಯಬೇಕಾದವರಿಗಿಂತ ಹಿಂದೆ ಉಳಿಯತೊಡಗಿತು. ಆಗ ಬೆಲ್ ಕಂಪನಿ ಹ್ಯೂಯಿಯ ಎಂಜಿನ್, ರೋಟರ್ ಮುಂತಾದ ಮುಖ್ಯ ಭಾಗಗಳನ್ನೇ ಇಟ್ಟುಕೊಂಡು ಸುಮಾರು ಮೂರು ಅಡಿ ಅಗಲದ ತೆಳ್ಳಗಿನ ಹೊಸ ದೇಹ ಕಟ್ಟಿತು. ಅದೇ ಕೋಬ್ರಾ, 1965ರಲ್ಲಿ ಹಾರಿದ ದಾಳಿ ಹೆಲಿಕಾಪ್ಟರ್.

ಆಂಬುಲೆನ್ಸ್, ನಂತರ ಬಸ್ಸು, ನಂತರ ಬಂದೂಕು ಕಟ್ಟಿದ ಬಸ್ಸು, ಕೊನೆಗೆ ಹೊಸ ದೇಹ. ಈ ಕ್ರಮವನ್ನು ನೆನಪಿಡಿ. ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಇದೇ ನಡೆಯಿತು.

ಬೆಂಗಳೂರಿನ ಧ್ರುವ

ಹಿಂದೂಸ್ತಾನ್ ಏರೋನಾಟಿಕ್ಸ್ ಅಂದರೆ ಎಚ್‌ಎಎಲ್‌ನ ಮೂಲ 1940ರ ಡಿಸೆಂಬರ್‌ನಲ್ಲಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಇದನ್ನು ಆರಂಭಿಸಿದರು. 1960ರ ದಶಕದಿಂದ ಇಲ್ಲಿ ಫ್ರಾನ್ಸ್‌ನ ಪರವಾನಗಿಯಲ್ಲಿ ಚೇತಕ್, ನಂತರ ಚೀತಾ ಹೆಲಿಕಾಪ್ಟರ್‌ಗಳು ತಯಾರಾದವು. ವಿನ್ಯಾಸ ಅವರದು, ದುಡಿಮೆ ನಮ್ಮದು.

ಸ್ವಂತ ವಿನ್ಯಾಸದ ಹೆಲಿಕಾಪ್ಟರ್ ಯೋಜನೆ 1984ರಲ್ಲಿ ಜರ್ಮನಿಯ ಎಂಬಿಬಿ ಕಂಪನಿಯ ತಾಂತ್ರಿಕ ನೆರವಿನಿಂದ ಶುರುವಾಯಿತು. 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಧ್ರುವ ಮೊದಲ ಬಾರಿ ಹಾರಿತು. 2002ರಿಂದ ಸೇನೆಗೆ ಸೇರಿತು. ಎರಡು ಎಂಜಿನ್, ನಾಲ್ಕು ರೆಕ್ಕೆಯ ಮುಖ್ಯ ರೋಟರ್, ಸುಮಾರು 5.5 ಟನ್ ಗರಿಷ್ಠ ತೂಕ, ಇಬ್ಬರು ಪೈಲಟ್‌ಗಳ ಜೊತೆಗೆ 12 ಜನರಿಗೆ ಜಾಗ. ಭೂಸೇನೆ, ವಾಯುಪಡೆ, ನೌಕಾಪಡೆ, ಕೋಸ್ಟ್ ಗಾರ್ಡ್ ನಾಲ್ವರೂ ಇದನ್ನೇ ಬಳಸುತ್ತಾರೆ.

ಅದು ಹಾರುವುದು ಹೇಗೆ?

ವಿಜ್ಞಾನದ ಗೆಳೆಯರು ಇಲ್ಲಿ ನನ್ನ ತಪ್ಪು ತಿದ್ದಬಹುದು. ಫ್ಯಾನು ಗಾಳಿಯನ್ನು ಕೆಳಗೆ ತಳ್ಳುವ ಹಾಗೆ ಹೆಲಿಕಾಪ್ಟರಿನ ರೋಟರ್ ಗಾಳಿಯನ್ನು ಕೆಳಗೆ ತಳ್ಳುತ್ತದೆ, ಅದರ ಪ್ರತಿಕ್ರಿಯೆಯಾಗಿ ಯಂತ್ರ ಮೇಲೇಳುತ್ತದೆ. ರೋಟರ್ ಒಂದು ದಿಕ್ಕಿಗೆ ತಿರುಗಿದರೆ ದೇಹ ಇನ್ನೊಂದು ದಿಕ್ಕಿಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಬಾಲದಲ್ಲಿ ಒಂದು ಚಿಕ್ಕ ರೋಟರ್.

ಆದರೆ ಮುಂದೆ, ಹಿಂದೆ, ಪಕ್ಕಕ್ಕೆ ಹೋಗುವುದು ಹೇಗೆ? ಪೈಲಟ್ ಕೈಯಲ್ಲಿರುವ ಕೋಲು ಸ್ಥಿರವಾಗಿದೆ, ತಲೆಯ ಮೇಲಿನ ರೆಕ್ಕೆಗಳು ಗಿರಗಿರನೆ ತಿರುಗುತ್ತಿವೆ. ತಿರುಗದ ಕೈಯ ಆಜ್ಞೆ ತಿರುಗುವ ರೆಕ್ಕೆಗೆ ತಲುಪಬೇಕು. ಈ ಕೆಲಸ ಮಾಡುವುದು ಸ್ವಾಶ್‌ಪ್ಲೇಟ್ ಎಂಬ ಭಾಗ. ಒಂದರ ಮೇಲೊಂದು ಇಟ್ಟ ಎರಡು ತಟ್ಟೆಗಳು ಅಂದುಕೊಳ್ಳಿ. ಕೆಳಗಿನದು ತಿರುಗುವುದಿಲ್ಲ, ಮೇಲಿನದು ರೆಕ್ಕೆಗಳ ಜೊತೆ ತಿರುಗುತ್ತದೆ, ನಡುವೆ ಬೇರಿಂಗ್. ಎರಡನ್ನೂ ಒಟ್ಟಿಗೆ ಮೇಲೆತ್ತಿದರೆ ಎಲ್ಲ ರೆಕ್ಕೆಗಳ ಓರೆ ಹೆಚ್ಚಾಗಿ ಹೆಲಿಕಾಪ್ಟರ್ ಏರುತ್ತದೆ. ಒಂದು ಬದಿಗೆ ವಾಲಿಸಿದರೆ ಆ ದಿಕ್ಕಿಗೆ ಸಾಗುತ್ತದೆ. ಈ ತಟ್ಟೆ ಮುರಿದರೆ ಎಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ ಪೈಲಟ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ಹೆಸರನ್ನೂ ನೆನಪಿಡಿ, ಮುಂದೆ ಬೇಕು.

ತೂಕದ ಬಜೆಟ್

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಹೆಲಿಕಾಪ್ಟರಿಗೆ ಒಂದು ಬಜೆಟ್ ಇದೆ, ರೂಪಾಯಿಯ ಬದಲು ಕಿಲೋಗ್ರಾಂನಲ್ಲಿ. ಲೆಕ್ಕ ಸುಲಭವಾಗಲಿ ಎಂದು ನಾನೇ ಕೆಲವು ಅಂಕಿ ಹಾಕಿಕೊಂಡಿದ್ದೇನೆ. ಇವು ಯಾವ ನಿಜವಾದ ಯಂತ್ರದವೂ ಅಲ್ಲ.

ಹಾರಬಹುದಾದ ಗರಿಷ್ಠ ತೂಕ 5,500 ಕೆ.ಜಿ. ಖಾಲಿ ಯಂತ್ರದ ತೂಕ 3,000 ಕೆ.ಜಿ. ಉಳಿಯುವುದು 2,500. ಇಬ್ಬರು ಪೈಲಟ್‌ಗಳು ಮತ್ತು ಅವರ ಸಾಮಾನಿಗೆ 200, ಇಂಧನಕ್ಕೆ 1,000. ಈಗ ಉಳಿದದ್ದು 1,300 ಕೆ.ಜಿ. ಒಬ್ಬರಿಗೆ 80 ಕೆ.ಜಿ.ಯಂತೆ 12 ಜನರನ್ನು ಕೂರಿಸಿದರೆ 960. ಇನ್ನೂ 340 ಕೆ.ಜಿ. ಬಾಕಿ ಇದೆ.

ಈಗ ಅದೇ ಯಂತ್ರಕ್ಕೆ 800 ಕೆ.ಜಿ. ತೂಕದ ಗನ್, ರಾಕೆಟ್ ಮತ್ತು ರಕ್ಷಾ ಕವಚ ಕಟ್ಟೋಣ. 1,300ರಲ್ಲಿ 800 ಹೋದರೆ 500. ಅಂದರೆ ಆರೇ ಜನ. ಎತ್ತರದ ಪರ್ವತದಲ್ಲಿ ಗಾಳಿ ತೆಳುವಾಗಿರುವುದರಿಂದ ರೋಟರಿಗೂ ಎಂಜಿನಿಗೂ ಶಕ್ತಿ ಸಾಲದೆ ಗರಿಷ್ಠ ತೂಕವೇ 5,000 ಕೆ.ಜಿ.ಗೆ ಇಳಿಯಿತು ಎಂದುಕೊಳ್ಳಿ. ಆಗ ಒಬ್ಬರೂ ಹತ್ತುವಂತಿಲ್ಲ. ಗನ್ ಬೇಕೆಂದರೆ ಜನ ಬಿಡಬೇಕು, ಜನ ಬೇಕೆಂದರೆ ಇಂಧನ ಬಿಡಬೇಕು, ಇಂಧನ ಬಿಟ್ಟರೆ ದೂರ ಹೋಗಲಾಗದು. ಅರ್ಥಶಾಸ್ತ್ರದಲ್ಲಿ ನಾವು ಓದುವ ಅವಕಾಶ ವೆಚ್ಚ ಇದೇ. ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದರ ಬೆಲೆ.

ಹಾಗಾಗಿ "ಎಲ್ಲ ಕೆಲಸ ಮಾಡುವ ಹೆಲಿಕಾಪ್ಟರ್" ಎಂದರೆ "ಎಲ್ಲ ಕೆಲಸವನ್ನೂ ಒಂದೇ ಸಲ ಮಾಡುವ ಹೆಲಿಕಾಪ್ಟರ್" ಎಂದಲ್ಲ. ತರಕಾರಿಯ ಮೇಲೆ ಕೆಂಪುಕಲ್ಲು ಹೇರಲು ಆಗುತ್ತದೆಯೇ?

ಮಾರ್ಪಾಡಿನ ಮೂರು ಬಗೆ

ಓದಿದ್ದನ್ನೆಲ್ಲ ಒಟ್ಟು ಮಾಡಿದಾಗ ಮಾರ್ಪಾಡು ಮೂರು ಮಟ್ಟದಲ್ಲಿ ನಡೆಯುತ್ತದೆ ಎಂದು ನನಗೆ ತೋರಿತು.

ಮೊದಲನೆಯದು, ಒಳಗಿನ ಸಾಮಾನು ಬದಲಿಸುವುದು. ಪಿಕಪ್‌ಗೆ ಮಳೆಗಾಲದಲ್ಲಿ ಟಾರ್ಪಾಲು ಕಟ್ಟುವ ಹಾಗೆ. ಕೋಸ್ಟ್ ಗಾರ್ಡ್‌ನ ಧ್ರುವ ಮಾರ್ಕ್ 3 ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ರಾಡಾರ್, ರಾತ್ರಿಯೂ ಕಾಣುವ ಕ್ಯಾಮೆರಾ, ಪ್ರಖರ ಸರ್ಚ್ ಲೈಟ್ ಇವೆ. ಕಡಲಿನ ಕಾವಲಿಗೆ ಹೋಗುವಾಗ ಹೆವಿ ಮೆಷಿನ್ ಗನ್ ಕೂರಿಸಬಹುದು. ರೋಗಿಯನ್ನು ತರುವಾಗ ಅದರೊಳಗೆ ತೀವ್ರ ನಿಗಾ ಘಟಕ ಅಳವಡಿಸಬಹುದು. ಖರ್ಚು ಕಡಿಮೆ, ಸಮಯವೂ ಕಡಿಮೆ.

ಎರಡನೆಯದು, ಕಾರ್ಖಾನೆಯಲ್ಲೇ ಬೇರೆ ಮಾದರಿಯಾಗಿ ತಯಾರಿಸುವುದು. ಪಿಕಪ್‌ನ ಹಿಂಭಾಗ ಕತ್ತರಿಸಿ ಮೀನಿನ ಐಸ್ ಪೆಟ್ಟಿಗೆ ಕೂರಿಸಿದ ಹಾಗೆ. ಮತ್ತೆ ಅದರಲ್ಲಿ ಮದುವೆ ಕುರ್ಚಿ ಸಾಗಿಸುವುದು ಕಷ್ಟ. ಧ್ರುವದ ಮಾರ್ಕ್ 4 ಆದ ರುದ್ರ ಹೀಗೆ ಹುಟ್ಟಿತು. 2007ರಲ್ಲಿ ಮೊದಲು ಹಾರಿತು, 2013ರಿಂದ ಸೇನೆಗೆ ಸಿಕ್ಕಿತು. ಮೂಗಿನ ಕೆಳಗೆ 20 ಮಿ.ಮೀ. ಗನ್, ಎರಡೂ ಬದಿಗೆ 70 ಮಿ.ಮೀ. ರಾಕೆಟ್‌ಗಳು. ಪೈಲಟ್ ತಲೆ ತಿರುಗಿಸಿದ ಕಡೆಗೆ ಗನ್ ತಿರುಗುವಂತೆ ಹೆಲ್ಮೆಟ್‌ನಲ್ಲೇ ಗುರಿಕಣ್ಣು ಇದೆ.

ಮೂರನೆಯದು, ಹಳೆಯ ಎಂಜಿನ್, ರೋಟರ್ ಮುಂತಾದವನ್ನು ಇಟ್ಟುಕೊಂಡು ಹೊಸ ದೇಹ ಕಟ್ಟುವುದು. ಹ್ಯೂಯಿಯಿಂದ ಕೋಬ್ರಾ ಹುಟ್ಟಿದಂತೆ ಧ್ರುವದಿಂದ ಹಗುರ ದಾಳಿ ಹೆಲಿಕಾಪ್ಟರ್ ಹುಟ್ಟಿತು. 2010ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಮೊದಲ ಹಾರಾಟ ನಡೆಸಿತು. ಪರೀಕ್ಷೆಯ ಕಾಲದಲ್ಲೇ 2015ರಲ್ಲಿ ಸಿಯಾಚಿನ್‌ನಲ್ಲಿ ಇಳಿದು ತೋರಿಸಿತು. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ಪ್ರಚಂಡ ಎಂಬ ಹೆಸರಿನಿಂದ ವಾಯುಪಡೆಗೆ ಸೇರಿತು.

ಮೊದಲ ಬಗೆಗಿಂತ ಎರಡನೆಯದಕ್ಕೆ, ಎರಡನೆಯದಕ್ಕಿಂತ ಮೂರನೆಯದಕ್ಕೆ ಹಣ ಮತ್ತು ವರ್ಷಗಳು ಹೆಚ್ಚು ಬೇಕು. ಹಾಗಾದರೆ ಮೊದಲನೆಯದರಲ್ಲೇ ಸುಧಾರಿಸಿಕೊಳ್ಳಬಾರದೇ? ಇದಕ್ಕೆ ಕಾರ್ಗಿಲ್ ಉತ್ತರ ಕೊಟ್ಟಿದೆ.

1999ರ ಮೇ 28

ಕಾರ್ಗಿಲ್ ಯುದ್ಧ ಶುರುವಾದಾಗ ಅಷ್ಟು ಎತ್ತರದಲ್ಲಿ ಹೋರಾಡಬಲ್ಲ ದಾಳಿ ಹೆಲಿಕಾಪ್ಟರ್ ನಮ್ಮಲ್ಲಿ ಇರಲಿಲ್ಲ. ಎಂಐ-17 ಎಂಬ ರಷ್ಯಾ ಮೂಲದ ಸಾಗಾಟದ ಹೆಲಿಕಾಪ್ಟರ್‌ಗಳಿಗೆ ರಾಕೆಟ್ ಕಟ್ಟಿ ವಾಯುಪಡೆ ಕಳುಹಿಸಿತು. ಮೇ 28ರಂದು ತೋಲೋಲಿಂಗ್ ಮೇಲೆ ದಾಳಿ ಮಾಡುವಾಗ ಅವುಗಳಲ್ಲಿ ಒಂದು ಕ್ಷಿಪಣಿಗೆ ಸಿಕ್ಕಿ ಉರುಳಿತು. ಅದರಲ್ಲಿದ್ದ ನಾಲ್ವರೂ ಹುತಾತ್ಮರಾದರು. ಎಂಜಿನಿನ ಬಿಸಿಯನ್ನು ಹುಡುಕಿ ಬರುವ ಕ್ಷಿಪಣಿಯನ್ನು ದಾರಿ ತಪ್ಪಿಸಲು ಉರಿಯುವ ಬಾಣಗಳನ್ನು, ಅಂದರೆ ಫ್ಲೇರ್‌ಗಳನ್ನು ಹಾರಿಸುತ್ತಾರೆ. ಆ ಒಂದು ಹೆಲಿಕಾಪ್ಟರಿನಲ್ಲಿ ಆ ಸಲಕರಣೆ ಇರಲಿಲ್ಲ. ಆ ಬಳಿಕ ಎಂಐ-17ಗಳನ್ನು ದಾಳಿಯ ಕೆಲಸದಿಂದ ಹಿಂದೆ ತೆಗೆದುಕೊಂಡರು.

ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಆ ನಾಲ್ವರ ಧೈರ್ಯದಲ್ಲಿ ಕೊರತೆ ಇರಲಿಲ್ಲ. ಯಂತ್ರಕ್ಕೆ ಹೊಸ ಕೆಲಸ ಕೊಟ್ಟಾಗ ಆ ಕೆಲಸದ ಆಯುಧದ ಜೊತೆಗೆ ಆ ಕೆಲಸದ ಅಪಾಯಕ್ಕೆ ಬೇಕಾದ ರಕ್ಷಣೆಯೂ ಬೇಕು. ಆಯುಧ ಕಟ್ಟುವುದು ಮಾರ್ಪಾಡಿನ ಅರ್ಧ ಭಾಗ ಮಾತ್ರ. ಎತ್ತರದ ಯುದ್ಧಕ್ಕೆಂದೇ ಮಾಡಿದ ಹೆಲಿಕಾಪ್ಟರ್ ಬೇಕೆಂಬ ಒತ್ತಾಯ ಕಾರ್ಗಿಲ್‌ನಿಂದ ಬಲವಾಯಿತು. ಪ್ರಚಂಡದ ಹಿಂದೆ ಆ ಅನುಭವ ಇದೆ.

ಕಡಲಿನಿಂದಲೂ ಒಂದು ಪಾಠ ಬಂತು. ಧ್ರುವವನ್ನು ಯುದ್ಧನೌಕೆಗಳ ಮೇಲೆ ಇಟ್ಟು ಜಲಾಂತರ್ಗಾಮಿ ಹುಡುಕಲು ಬಳಸಬೇಕೆಂಬ ಆಸೆ ನೌಕಾಪಡೆಗಿತ್ತು. ಆದರೆ ಹಡಗಿನ ಚಿಕ್ಕ ಕೊಟ್ಟಿಗೆಯಲ್ಲಿ ಹಿಡಿಸುವಷ್ಟು ಅದರ ರೆಕ್ಕೆಗಳು ಮಡಚುತ್ತಿರಲಿಲ್ಲ. ಪರ್ವತದಲ್ಲಿ ಚುರುಕಾಗಿ ತಿರುಗಲು ನೆರವಾದ ಗಟ್ಟಿ ರೋಟರ್ ವಿನ್ಯಾಸವೇ ಹಡಗಿನಲ್ಲಿ ಅಡ್ಡಿಯಾಯಿತು. ಕೊನೆಗೆ ಧ್ರುವ ಮುಖ್ಯವಾಗಿ ದಡದ ನೆಲೆಗಳಿಂದ ಕಾವಲು ಮತ್ತು ರಕ್ಷಣೆಗೆ ಬಳಕೆಯಾಯಿತು. ಹಡಗಿನ ಕೆಲಸಕ್ಕೆ ಅಮೆರಿಕದಿಂದ 24 ಎಂಎಚ್-60ಆರ್ ಹೆಲಿಕಾಪ್ಟರ್‌ಗಳನ್ನು ಕೊಳ್ಳಲು 2020ರಲ್ಲಿ ಒಪ್ಪಂದವಾಯಿತು. ಅವುಗಳ ಮೊದಲ ತಂಡ 2024ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿತು. ಅದೂ ಬ್ಲ್ಯಾಕ್ ಹಾಕ್ ಎಂಬ ಬಹುಪಯೋಗಿ ಹೆಲಿಕಾಪ್ಟರಿನ ಮಾರ್ಪಾಡೇ.

ಕೆಂಪು ಶಿಲುಬೆ, ಕೆಂಪು ಅರ್ಧಚಂದ್ರ

ಒಂದೇ ಯಂತ್ರ ಬೆಳಿಗ್ಗೆ ಗಾಯಾಳುಗಳನ್ನು ತಂದು ಸಂಜೆ ರಾಕೆಟ್ ಹಾರಿಸಬಹುದೇ? ತಾಂತ್ರಿಕವಾಗಿ ಆಗಬಹುದು. ಆದರೆ ಇಲ್ಲಿ ಕಾನೂನಿನ ಮಾತು ಬರುತ್ತದೆ. 1949ರ ಜಿನೀವಾ ಒಪ್ಪಂದಗಳ ಪ್ರಕಾರ ಗಾಯಾಳುಗಳನ್ನು ಮತ್ತು ರೋಗಿಗಳನ್ನು ಸಾಗಿಸಲೆಂದೇ ಮೀಸಲಾದ ವಿಮಾನಗಳಿಗೆ ರಕ್ಷಣೆ ಇದೆ. ಅವು ಕೆಂಪು ಶಿಲುಬೆ ಅಥವಾ ಕೆಂಪು ಅರ್ಧಚಂದ್ರದ ಗುರುತು ಹಾಕಿಕೊಳ್ಳಬಹುದು. "ಮೀಸಲಾದ" ಎಂಬ ಪದ ಮುಖ್ಯ. ಆ ಗುರುತು ಹಾಕಿಕೊಂಡು ದಾಳಿ ಮಾಡುವುದು ಅಪರಾಧ. ಹಾಗೆ ಒಮ್ಮೆ ಮಾಡಿದರೆ ಮುಂದೆ ನಿಜವಾದ ಆಂಬುಲೆನ್ಸನ್ನೂ ಯಾರೂ ನಂಬುವುದಿಲ್ಲ, ಅದಕ್ಕೆ ಬೆಲೆ ತೆರುವವರು ಗಾಯಗೊಂಡು ಮಲಗಿದವರು.

ಹಾಗಾಗಿ ಬಹುಪಯೋಗಕ್ಕೆ ತೂಕದ ಮಿತಿ ಇರುವಂತೆ ವಿಶ್ವಾಸದ ಮಿತಿಯೂ ಇದೆ. ವ್ಯಾಪಾರದಲ್ಲೂ ಹಾಗೆಯೇ ಅಲ್ಲವೇ? ತಕ್ಕಡಿ ಒಮ್ಮೆ ಸುಳ್ಳು ಹೇಳಿದರೆ ಅಂಗಡಿಯ ಹೆಸರು ಹೋಗುತ್ತದೆ.

ನಮ್ಮ ನೆರೆ, ನಮ್ಮ ಕಡಲು

ಯುದ್ಧಕ್ಕೆಂದು ಕೊಂಡ ಹೆಲಿಕಾಪ್ಟರ್‌ಗಳನ್ನು ನಮ್ಮಂಥವರು ನೋಡುವುದು ನೆರೆಯ ಕಾಲದಲ್ಲಿ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಹೊಳೆಗಳು ಉಕ್ಕಿ, ಗುಡ್ಡಗಳು ಜಾರಿ, ಚಾರ್ಮಾಡಿ ಘಾಟಿ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಬಂಟ್ವಾಳದಲ್ಲಿ ನೇತ್ರಾವತಿ ಪೇಟೆಯೊಳಗೆ ಬಂದಿತ್ತು. ಹಿರಿಯರು 1974ರ ನೆರೆಯ ಜೊತೆ ಹೋಲಿಸಿ ಮಾತಾಡುತ್ತಿದ್ದರು. ನನಗೆ ಆಗ ಹನ್ನೊಂದು ವರ್ಷ. ದಾದಿ ತಸ್ಬೀಹ್ ಹಿಡಿದು ಕಿಟಕಿಯ ಬಳಿ ಕುಳಿತಿದ್ದರು. ಅದೇ ವಾರ ಹಂಪಿಯ ಬಳಿ ತುಂಗಭದ್ರೆಯ ವಿರೂಪಾಪುರಗಡ್ಡೆಯಲ್ಲಿ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ದೋಣಿಗಳ ಜೊತೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳೂ ಅವರನ್ನು ಹೊರತಂದವು. ಅದನ್ನು ಟಿ.ವಿ.ಯಲ್ಲಿ ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ.

ಅದಕ್ಕೂ ಒಂದು ವರ್ಷ ಮೊದಲು, 2018ರ ಆಗಸ್ಟ್‌ನಲ್ಲಿ, ಕೇರಳದ ನೆರೆಯಲ್ಲಿ ಸಿಕ್ಕಿಕೊಂಡಿದ್ದ ತುಂಬು ಗರ್ಭಿಣಿಯೊಬ್ಬರನ್ನು ನೌಕಾಪಡೆಯವರು ಹಗ್ಗದಿಂದ ಮೇಲೆತ್ತಿ ಕೊಚ್ಚಿಯ ಆಸ್ಪತ್ರೆಗೆ ಸೇರಿಸಿದರು. ಅದೇ ದಿನ ಅವರಿಗೆ ಮಗು ಹುಟ್ಟಿತು.

ಇನ್ನೂ ಹತ್ತಿರದ ಘಟನೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ್ದು. ಮೂಡುಬಿದಿರೆಯಿಂದ ಹೆಚ್ಚು ದೂರವಿಲ್ಲದ ಮೂಲ್ಕಿಯ ಕಡಲಿನಲ್ಲಿ ಕೋರಮಂಡಲ್ ಸಪೋರ್ಟರ್ ಎಂಬ ಟಗ್ ದೋಣಿ ಬಂಡೆಗೆ ಸಿಕ್ಕಿತು. ಒಳಗೆ ಒಂಬತ್ತು ಜನ. ಅಲೆಗಳ ಅಬ್ಬರಕ್ಕೆ ಹತ್ತಿರ ಹೋಗುವುದೇ ಕಷ್ಟ. ಮೇ 17ರಂದು ನೌಕಾಪಡೆಯ ಹೆಲಿಕಾಪ್ಟರ್ ನಾಲ್ವರನ್ನು ಮೇಲೆತ್ತಿತು, ಕೋಸ್ಟ್ ಗಾರ್ಡ್‌ನ ವರಾಹ ಹಡಗಿನವರು ಐವರನ್ನು ರಕ್ಷಿಸಿದರು. ಒಂಬತ್ತು ಮನೆಗಳಿಗೆ ಒಂಬತ್ತು ಜನ ಮರಳಿದರು.

ಆಯುಧದ ಲೆಕ್ಕದಲ್ಲಿ ಕೊಂಡ ಯಂತ್ರ ಜೀವದ ಲೆಕ್ಕದಲ್ಲಿ ಜಮೆಯಾಗುವುದು ಇಂಥ ದಿನ.

2025ರಲ್ಲಿ ಆದದ್ದು

ಈಗ ಲೇಖನದ ಆರಂಭಕ್ಕೆ ಮರಳೋಣ. 2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ ಅಪಘಾತಕ್ಕೀಡಾಗಿ ಮೂವರು ತೀರಿಕೊಂಡರು. ತನಿಖೆಯಲ್ಲಿ ಸ್ವಾಶ್‌ಪ್ಲೇಟ್ ಬಿರುಕು ಬಿಟ್ಟದ್ದು ಕಂಡಿತು. ಒಂದರಲ್ಲಿ ಕಂಡದ್ದು ಎಲ್ಲದರಲ್ಲೂ ಇರಬಹುದು. ಯಾಕೆಂದರೆ ಎಲ್ಲದರಲ್ಲೂ ಅದೇ ಭಾಗ. ಆದ್ದರಿಂದ ಎಲ್ಲವನ್ನೂ ನಿಲ್ಲಿಸಿದರು. ಗಣರಾಜ್ಯೋತ್ಸವದ ಹಾರಾಟದಲ್ಲಿ ಧ್ರುವ ಇರಲಿಲ್ಲ. ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ, ತಾನು ಹುಟ್ಟಿದ ಊರಿನಲ್ಲೇ, ಧ್ರುವದ ಸಾರಂಗ್ ತಂಡ ಹಾರಲಿಲ್ಲ. ಭೂಸೇನೆ ಮತ್ತು ವಾಯುಪಡೆಯ ಧ್ರುವಗಳಿಗೆ ಮತ್ತೆ ಹಾರಲು ಅನುಮತಿ ಸಿಗುವಾಗ ಮೇ ತಿಂಗಳು ಬಂದಿತ್ತು. ಕಡಲಿನ ಮೇಲೆ ಹಾರುವವು ಇನ್ನೂ ಕಾಯಬೇಕಾಯಿತು.

ಒಂದೇ ಮೂಲದಿಂದ ಹಲವು ಮಾದರಿ ಮಾಡುವುದರ ಲಾಭ ನಮ್ಮ ಪಠ್ಯದಲ್ಲೇ ಇದೆ. ವಿನ್ಯಾಸ, ಕಾರ್ಖಾನೆ, ಪರೀಕ್ಷೆ ಎಲ್ಲ ಸ್ಥಿರ ವೆಚ್ಚ. ತಯಾರಾಗುವ ಸಂಖ್ಯೆ ಹೆಚ್ಚಿದಷ್ಟೂ ಆ ವೆಚ್ಚ ಹಂಚಿಹೋಗುತ್ತದೆ. ಬಿಡಿಭಾಗ ಒಂದೇ, ಮೆಕ್ಯಾನಿಕ್‌ಗಳ ತರಬೇತಿಯೂ ಹೆಚ್ಚುಕಡಿಮೆ ಒಂದೇ. ಆದರೆ ಲಾಭ ಹಂಚಿಹೋಗುವ ದಾರಿಯಲ್ಲೇ ದೋಷವೂ ಹಂಚಿಹೋಗುತ್ತದೆ. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟದಲ್ಲಿ ಅಡಿಕೆ ಬಿಟ್ಟು ಬೇರೇನೂ ಇಲ್ಲದವನಿಗೆ ಕೊಳೆರೋಗ ಬಂದ ವರ್ಷ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾಳುಮೆಣಸು, ಕೊಕ್ಕೋ, ತೆಂಗು ಇದ್ದವನು ಆ ವರ್ಷ ಹೇಗೋ ದಾಟುತ್ತಾನೆ.

ದೋಷದ ಇನ್ನೊಂದು ಬೆಲೆ ಹೆಸರು. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶ ಏಳು ಧ್ರುವಗಳನ್ನು ಕೊಂಡಿತ್ತು. ಅವುಗಳಲ್ಲಿ ನಾಲ್ಕು ಅಪಘಾತಕ್ಕೀಡಾದವು. 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದು ಮಾಡಿತು. ಲೆಕ್ಕಶಾಸ್ತ್ರದಲ್ಲಿ ಕೀರ್ತಿಮೌಲ್ಯ ಎಂದು ಒಂದು ಖಾತೆ ಇದೆ. ಅದನ್ನು ಕಟ್ಟಲು ವರ್ಷಗಳು ಬೇಕು, ಕಳೆಯಲು ಕೆಲವು ಅಪಘಾತಗಳು ಸಾಕು.

ಇಷ್ಟಾದರೂ ಸ್ವಂತ ವಿನ್ಯಾಸ ಬಿಟ್ಟು ಬೇರೆಯವರ ಬಾಗಿಲು ತಟ್ಟುವುದು ಪರಿಹಾರವಲ್ಲ ಎಂದೇ ನನಗೆ ಅನಿಸುತ್ತದೆ. ಬಿರುಕು ಎಲ್ಲಿದೆ ಎಂದು ಹುಡುಕುವ ಜ್ಞಾನ ಬರುವುದು ಸ್ವಂತ ಕೈಯಿಂದ ಮಾಡಿದವರಿಗೆ. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ 156 ಪ್ರಚಂಡಗಳಿಗಾಗಿ ಎಚ್‌ಎಎಲ್ ಜೊತೆ 62,700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. 66 ವಾಯುಪಡೆಗೆ, 90 ಭೂಸೇನೆಗೆ. ಭಾಗಿಸಿದರೆ ಒಂದಕ್ಕೆ ಸರಾಸರಿ 402 ಕೋಟಿ. ಇದರಲ್ಲಿ ತರಬೇತಿ ಮತ್ತು ಇತರ ಸಲಕರಣೆಗಳೂ ಸೇರಿರುವುದರಿಂದ ಇದನ್ನು ಯಂತ್ರವೊಂದರ ಬೆಲೆ ಎಂದು ಓದಬಾರದು. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಮೊದಲಿಗೆ ವರ್ಷಕ್ಕೆ 30, ಮುಂದೆ 60, ನಂತರ 90 ಎಂಬುದು ಅಲ್ಲಿನ ಗುರಿ. ಚೇತಕ್ ಮತ್ತು ಚೀತಾಗಳ ಜಾಗಕ್ಕೆ ಬರಲಿರುವ ಒಂದೇ ಎಂಜಿನಿನ ಹಗುರ ಬಹುಪಯೋಗಿ ಹೆಲಿಕಾಪ್ಟರ್ ಅಲ್ಲಿ ತಯಾರಾಗಬೇಕು. ಅಲ್ಲಿ ಎಂಜಿನಿಯರ್‌ಗಳು ಮಾತ್ರವಲ್ಲ, ಬಿಡಿಭಾಗದ ದಾಸ್ತಾನು ನೋಡುವವರು, ವೆಚ್ಚ ಲೆಕ್ಕಿಗರು, ಲೆಕ್ಕ ಪರಿಶೋಧಕರೂ ಬೇಕು. ಕಾಮರ್ಸ್‌ನವರಿಗೆ ಹೆಲಿಕಾಪ್ಟರ್ ಯಾಕೆ ಎಂದು ಕೇಳಿದ ಗೆಳೆಯರು ಇದನ್ನು ಗಮನಿಸಲಿ.

ಕೊನೆಯ ಮಾತು

ಕೊಳೆರೋಗ ಬಂದ ಮೇಲೆ ಬೋರ್ಡೋ ಸಿಂಪಡಿಸುವವನಿಗಿಂತ ಮಳೆ ಹಿಡಿಯುವ ಮೊದಲೇ ಸಿಂಪಡಿಸುವವನು ಜಾಣ. ಹೆಲಿಕಾಪ್ಟರಿಗೂ ಅದೇ ಮಾತು. ಹೆಚ್ಚು ಕೆಲಸ ಕೊಟ್ಟ ಯಂತ್ರಕ್ಕೆ ಹೆಚ್ಚು ತಪಾಸಣೆ ಬೇಕು. ನೆಲದ ಮೇಲೆ ಸರಿಯಾಗಿದ್ದ ಭಾಗ ಉಪ್ಪುಗಾಳಿಯ ಕಡಲಿನ ಮೇಲೆ, ಹೆಚ್ಚು ಭಾರ ಹೊತ್ತಾಗ, ಹೆಚ್ಚು ಗಂಟೆ ಹಾರಿದಾಗ ಹೇಗಿರುತ್ತದೆ ಎಂದು ಪ್ರತಿ ಹೊಸ ಕೆಲಸಕ್ಕೂ ಹೊಸದಾಗಿ ಕೇಳಬೇಕು.

ನಮ್ಮ ಪಿಕಪ್ ಈಗ ಓಡುತ್ತಿದೆ. ಅದು ಗ್ಯಾರೇಜಿನಿಂದ ಬಂದ ದಿನ ನಾನು ಒಂದು ನೋಟ್ ಪುಸ್ತಕ ತೆರೆದೆ. ಎಷ್ಟು ಕಿಲೋಮೀಟರ್, ಏನು ಭಾರ, ಯಾವಾಗ ಆಯಿಲ್ ಬದಲು ಎಂದು ಬರೆಯುತ್ತೇನೆ. ಪ್ರತಿ ಬಾಡಿಗೆಯಿಂದ ಸ್ವಲ್ಪ ಹಣ ದುರಸ್ತಿಗೆಂದು ಬೇರೆ ಡಬ್ಬಿಯಲ್ಲಿ ಬೀಳುತ್ತದೆ. ಸವಕಳಿ ಎಂಬ ಪಾಠವನ್ನು ನಾನು ಪರೀಕ್ಷೆಗಾಗಿ ಕಲಿತಿದ್ದೆ, ಮನೆಗಾಗಿ ಕಲಿತಿರಲಿಲ್ಲ. ಮೊದಲು ಅಬ್ಬಾ ನಕ್ಕರು. ಹೋದ ತಿಂಗಳು ಕ್ಲಚ್ ಪ್ಲೇಟ್ ಸವೆದದ್ದು ಮುರಿಯುವ ಮೊದಲೇ ಗೊತ್ತಾಯಿತು. ಒಂದೇ ದಿನದಲ್ಲಿ ಕೆಲಸ ಮುಗಿಯಿತು, ಡಬ್ಬಿಯ ಹಣ ಸಾಕಾಯಿತು. ಈಗ ಅಬ್ಬಾ ಬಾಡಿಗೆಯಿಂದ ಬಂದ ಕೂಡಲೇ ಕಿಲೋಮೀಟರ್ ಎಷ್ಟೆಂದು ತಾವಾಗಿಯೇ ಹೇಳುತ್ತಾರೆ.

ಓದಿದವರು ಯೋಚಿಸಲು ಮೂರು ಪ್ರಶ್ನೆಗಳು

1. ತೂಕದ ಬಜೆಟ್‌ನ ಲೆಕ್ಕದಲ್ಲಿ ಇಂಧನವನ್ನು 1,000ದಿಂದ 600 ಕೆ.ಜಿ.ಗೆ ಇಳಿಸಿದರೆ ಗನ್ ಕಟ್ಟಿದ ಹೆಲಿಕಾಪ್ಟರಿನಲ್ಲಿ ಎಷ್ಟು ಜನ ಹೋಗಬಹುದು? ಅದರಿಂದ ಕಳೆದುಕೊಳ್ಳುವುದೇನು?

2. ನಿಮ್ಮ ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಹಲವು ಕೆಲಸಗಳು ಒಂದೇ ವಸ್ತುವಿನ ಮೇಲೆ ನಿಂತಿವೆಯೇ? ಅದು ನಾಳೆ ಕೆಟ್ಟರೆ ಯಾವ ಕೆಲಸ ಮೊದಲು ನಿಲ್ಲುತ್ತದೆ?

3. ಎಲ್ಲ ಧ್ರುವಗಳನ್ನು ನಿಲ್ಲಿಸಿದ ನಿರ್ಧಾರ ಸರಿಯೇ? ನೆರೆಯಲ್ಲಿ ಕಾಯುವವರ ಕಡೆಯಿಂದಲೂ, ಪೈಲಟ್‌ಗಳ ಮನೆಯವರ ಕಡೆಯಿಂದಲೂ ಯೋಚಿಸಿ ಉತ್ತರಿಸಿ.

ಮೊದಲ ಪ್ರಶ್ನೆಯ ಉತ್ತರ ಹನ್ನೊಂದು. ಉಳಿದ ಎರಡಕ್ಕೆ ನಿಮ್ಮ ಉತ್ತರಗಳನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಿಸಿ.